ಗಾಳಿಯಲ್ಲಿ ನಿಂತ ಕೈ

ಹೊಳೆದಂಡೆಯ ಜೆಮೀಮಾಬಾಯಿಗೆ ಒಬ್ಬ ಗಂಡನಿದ್ದ. ಇದ್ದ ಅಂದರೆ, ಈಗಲೂ ಎಲ್ಲೋ ಇದ್ದಾನು. ಸತ್ತ ಸುದ್ದಿ ನಮ್ಮ ಓಣಿಗೆ ಬಂದಿಲ್ಲ. ಬಂದಿದ್ದರೆ ನಾವು ಸುಮ್ಮನೆ ಕೂರುತ್ತಿದ್ದೆವೇ?

ಮದುವೆಯಾಗಿ ಹೋದವಳು ಒಂದು ಮಳೆಗಾಲವೂ ಅಲ್ಲಿ ನಿಲ್ಲಲಿಲ್ಲ. ಚಕ್ಕಡಿ ಕಟ್ಟಿಸಿಕೊಂಡು ತಿರುಗಿ ಬಂದಳು. ಚಕ್ಕಡಿಯಲ್ಲಿ ಟ್ರಂಕಿಲ್ಲ, ತಾಮ್ರದ ಕೊಡವಿಲ್ಲ. ತವರಿನಿಂದ ಒಯ್ದಿದ್ದ ಪಿಯಾನೋ ಒಂದೇ, ಹಗ್ಗ ಬಿಗಿದುಕೊಂಡು ಕೂತಿತ್ತು.

ಗಂಡ ಅದನ್ನು ಮಾರಿ ಎಮ್ಮೆ ತರುತ್ತೇನೆ ಅಂದಿದ್ದನಂತೆ. ಎಮ್ಮೆ ಬಂತೋ ಇಲ್ಲವೋ, ಹೆಂಡತಿ ಹೋದಳು.

ಸಭೆಯ ಹಿರಿಯರು ಕರೆಸಿದರು. "ಗಂಡನ ಮನೀಗೆ ಹೋಗು, ಇಲ್ಲಾಂದ್ರ ಚರ್ಚಿಗೆ ಬರಬ್ಯಾಡ," ಅಂದರು.

"ಹಂಗಾದ್ರ ಬರಂಗಿಲ್ಲ," ಅಂದಳು.

ಆಮೇಲೆ ಆಕೆ ಚರ್ಚಿನ ಮೆಟ್ಟಿಲು ಹತ್ತಲೇ ಇಲ್ಲ. ಆಕೆಯನ್ನು ಹೊರಗಿಟ್ಟ ಸಭೆ ತನ್ನ ಮಕ್ಕಳನ್ನು ಮಾತ್ರ ಪಿಯಾನೋ ಕಲಿಯಲು ಆಕೆಯ ಮನೆಗೇ ಕಳಿಸಿತು. ವಿದ್ಯೆಗೆ ಮೈಲಿಗೆ ಇಲ್ಲ, ನೋಡಿ.

ಹೀಗೆ ಜೆಮೀಮಾಬಾಯಿ ಊರಿಗೆಲ್ಲ ಪಾಠ ಹೇಳುವ ಅಕ್ಕೋರಾದಳು. ಮುದುಕಿಯೂ ಆದಳು.

ಆಕೆಯ ಹತ್ತಿರ ಸ್ನೇಹಲತಾ ಬಂದದ್ದು ಮಾನ ಕಳೆದುಕೊಂಡ ಮೇಲೆ.

ಸ್ನೇಹಲತಾ ಅಂದರೆ ರೂತಮ್ಮನ ಹಿರಿಯ ಮಗಳು. ಶಾಲೆಯಲ್ಲಿ ಒಬ್ಬ ಮಾಸ್ತರರ ಕೈಯಲ್ಲಿ ಪಿಯಾನೋ ಕಲಿತವಳು. ಆ ಮಾಸ್ತರರು ಸ್ವರ ತಪ್ಪಿದರೆ ಬೆರಳ ಗಂಟಿಗೆ ಬೆತ್ತದಿಂದ ಹೊಡೆಯುತ್ತಿದ್ದರು. ಹುಡುಗಿ ಸ್ವರ ಕಲಿತಳು, ಬೆತ್ತವನ್ನೂ ಕಲಿತಳು.

ನಮ್ಮಲ್ಲಿ ಸುಗ್ಗಿ ಹಬ್ಬಕ್ಕೆ ಮನೆಮನೆಯವರೂ ತಾವು ಬೆಳೆದದ್ದನ್ನು ಚರ್ಚಿಗೆ ಹೊತ್ತು ತಂದು ವೇದಿಕೆಯ ಮುಂದೆ ಇಡುತ್ತಾರೆ. ಜೋಳದ ತೆನೆ, ಕುಂಬಳಕಾಯಿ, ಬೆಲ್ಲದ ಪೆಂಟೆ, ಕಾಲು ಕಟ್ಟಿದ ಕೋಳಿ. ಆ ಸಾಲು ಮುಗಿಯುವವರೆಗೂ ಪಿಯಾನೋ ನಿಲ್ಲಬಾರದು. ನಿಂತರೆ ಅಪಶಕುನ ಅನ್ನುತ್ತಾರೆ. ಅಪಶಕುನವನ್ನು ನಂಬುವುದಿಲ್ಲ ಅಂತಲೂ ಅವರೇ ಅನ್ನುತ್ತಾರೆ.

ಒಂದು ವರ್ಷ ನುಡಿಸಲು ಕೂತವಳು ಸ್ನೇಹಲತಾ. ಮುಂದಿನ ಬೆಂಚಿನಲ್ಲಿ ಅತ್ತೆಯಾಗಲಿದ್ದ ಸುಗಂಧಾಬಾಯಿ. ಮಾತುಕತೆ ಮುಗಿದಿತ್ತು, ಸೀರೆ ಕೊಂಡಾಗಿತ್ತು.

ಹಾಡಿನ ನಡುವೆ ಒಂದು ಜಾಗವಿದೆ. ಎರಡು ಕೈಯೂ ಒಟ್ಟಿಗೆ ಎರಡು ತುದಿಗೆ ಹಾರಬೇಕು. ಎಡಗೈ ಹಾರಿತು. ಬಲಗೈ ತಪ್ಪಿ ಪಕ್ಕದ ಸ್ವರದ ಪಟ್ಟಿಯ ಮೇಲೆ ಬಿತ್ತು.

ಬಿದ್ದದ್ದು ಅಲ್ಲೇ ಮರಗಟ್ಟಿತು. ಬೆರಳು ಏಳಲಿಲ್ಲ. ಹುಡುಗಿ ಕಣ್ಣು ಪಿಳುಕಿಸಲಿಲ್ಲ. ಚರ್ಚು ಸದ್ದಿಲ್ಲದೆ ಕೂತಿತು. ಆ ಹೊತ್ತಿಗೆ ಸರಿಯಾಗಿ ಕಾಣಿಕೆಗೆ ತಂದ ಕೋಳಿ ಕೊಕ್ಕೋ ಅಂತು.

ಎಲ್ಲರೂ ನಕ್ಕರು. ನಗದವರೆಂದರೆ ರೂತಮ್ಮ, ಸುಗಂಧಾಬಾಯಿ ಇಬ್ಬರೇ.

ಮರುದಿನ ಸುಗಂಧಾಬಾಯಿ ಹೇಳಿ ಕಳಿಸಿದಳು: ಹುಡುಗಿಗೆ ಮೂರ್ಛೆರೋಗವಿದೆ, ಕೈ ಹಿಡಿದುಕೊಳ್ಳುತ್ತದೆ, ಈ ಸಂಬಂಧ ಬೇಡ.

ರೋಗ ಅನ್ನುವ ಮಾತು ನಮ್ಮ ಓಣಿಯಲ್ಲಿ ನಡೆದು ಹೋಗುವುದಿಲ್ಲ, ಓಡುತ್ತದೆ. ತಂಗಿಯನ್ನು ನೋಡಲು ಬರಬೇಕಿದ್ದವರೂ ಬರಲಿಲ್ಲ.

ಆಗ ಸ್ನೇಹಲತಾ ಹೊಳೆದಂಡೆಗೆ ಹೋದಳು.

"ಅಕ್ಕೋರ, ಕಲಿಸ್ರಿ."

"ಏನ ಕಲಿಸ್ಲಿ? ನಿನಗ ಬರ್ತೈತಲ್ಲ."

"ಅದ ಹಬ್ಬ, ಅದ ಮಂದಿ, ಅದ ಹಾಡು. ಬರೋ ಸುಗ್ಗಿಗೆ ನಾ ನುಡಿಸೇ ನುಡಿಸ್ತೀನ್ರಿ. ಆ ಸುಗಂಧಾಬಾಯಿ ಮಾರಿ ಮುಂದ ಕುಂತು ನುಡಿಸ್ತೀನಿ."

"ನುಡಿಸಲಿಕ್ಕೆ ಆಗಲಿಲ್ಲಂದ್ರ?"

"ನನಗ ರೋಗ ಐತಿ ಅನ್ನೋದು ಖರೇ ಆಗ್ತೈತ್ರಿ. ತಂಗೀನೂ ಮನ್ಯಾಗ ಉಳೀತಾಳ."

ಜೆಮೀಮಾಬಾಯಿ ಪಿಯಾನೋದ ಮುಚ್ಚಳ ತೆಗೆದಳು. "ನುಡಸು."

ಸ್ನೇಹಲತಾ ನುಡಿಸಿದಳು. ಹಲ್ಲು ಕಚ್ಚಿದ್ದಳು. ಹೆಗಲು ಕಿವಿಯ ಹತ್ತಿರ ಬಂದಿತ್ತು. ಆ ಜಾಗಕ್ಕೆ ಬಂದಳು, ತಪ್ಪಿದಳು, ನಿಂತಳು.

ಅಕ್ಕೋರು ಕೈ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದರು.

"ಕಾಲಬೆರಳು ನೆಲಾ ಯಾಕ ಹಿಡಕೊಂಡಾವ? ಮನೀ ಹಾರಿ ಹೋಗ್ತೈತೇನು?"

ಹುಡುಗಿ ಬೆರಳು ಬಿಟ್ಟಳು. ನಾಚಿಕೊಂಡಳು.

"ಕೈ ಕೊಡು. ನನ್ನ ಅಂಗೈ ಮ್ಯಾಲ ಇಡು. ಪೂರಾ ಭಾರ ಹಾಕು."

"ಹಾಕೇನ್ರಿ."

"ಪೂರಾ?"

"ಪೂರಾ ಹಾಕೇನ್ರಿ."

ಅಕ್ಕೋರು ತಮ್ಮ ಕೈಯನ್ನು ಮೆಲ್ಲಗೆ ಕೆಳಗಿನಿಂದ ತೆಗೆದರು.

ಸ್ನೇಹಲತಾಳ ಕೈ ಅಲ್ಲೇ ಗಾಳಿಯಲ್ಲಿ ನಿಂತಿತ್ತು.

"ಈಗ ಇದನ್ನ ಯಾರ ಹಿಡದಾರ?" ಎಂದು ಕೇಳಿದರು.

ಹುಡುಗಿ ಕೈಯ ಕೆಳಗೆ ನೋಡಿದಳು. ಯಾರೂ ಇರಲಿಲ್ಲ. ಆದರೂ ಕೈ ಕೆಳಗೆ ಬರಲಿಲ್ಲ.

"ಇಷ್ಟು ದಿವಸ ನೀ ಪಿಯಾನೋ ನುಡಿಸಿಲ್ಲ. ಕೈ ಹೊತ್ಗೊಂಡು ಕುಂತಿ," ಅಂದರು ಅಕ್ಕೋರು. "ಹೋಗು. ಕೈ ಬಿದ್ದ ದಿವಸ ಬಾ."

ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಂಡು ಮನೆಯಲ್ಲೇ ಕೂರುತ್ತಿದ್ದರು. ಈ ಹುಡುಗಿ ಹಟದ ಮೂಟೆ. ಕೋಳಿ ಕೂಗುವ ಮೊದಲೇ ಎದ್ದು ಕೈ ಬೀಳಿಸಲು ಶುರು ಮಾಡಿದಳು. ಹಾಸಿಗೆಯ ಮೇಲೆ ಕೈ ಎತ್ತುವುದು, ಬೀಳಿಸುವುದು. ಎತ್ತುವುದು, ಬೀಳಿಸುವುದು. ಹರಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿದಳು. ತಂಗಿಯಿಂದ ಹೆಗಲು ತುಳಿಸಿಕೊಂಡಳು.

ಗೋಡೆಯಾಚೆ ಧಪ್ ಧಪ್ ಕೇಳಿದವರು ಸುಮ್ಮನಿರುತ್ತಾರೆಯೇ? ಮೂರ್ಛೆರೋಗದ ಜೊತೆಗೆ ಹುಚ್ಚೂ ಸೇರಿತು ಅಂದರು.

"ಸಾಕ ಮಾಡವಾ," ಅಂದಳು ತಾಯಿ ರೂತಮ್ಮ. "ಮಂದಿ ಏನಂತಾರ?"

"ಮಂದಿ ಅನ್ನೋದು ಅಂದಾಗೇತಿ, ಯವ್ವಾ. ಇನ್ನ ಹೊಸಾದೇನ ಅಂತಾರ?"

ಮತ್ತೆ ಹೊಳೆದಂಡೆಗೆ ಹೋದಳು.

"ಬೀಳ್ತೈತ್ರಿ ಅಕ್ಕೋರ. ನೋಡ್ರಿ."

ಅಕ್ಕೋರು ಅಂಗೈ ಚಾಚಿದರು. ಹುಡುಗಿ ಕೈ ಇಟ್ಟಳು. ಅಕ್ಕೋರು ತಮ್ಮ ಕೈ ತೆಗೆಯುವುದಕ್ಕೂ ಮೊದಲೇ ಅವಳ ಕೈ ಧಪ್ಪಂತ ತೊಡೆಯ ಮೇಲೆ ಬಿತ್ತು.

ಜೆಮೀಮಾಬಾಯಿ ನಕ್ಕಳು. ಬೊಚ್ಚುಬಾಯಿ ಕಾಣುವ ಹಾಗೆ ನಕ್ಕಳು.

"ಇದು ಬೀಳಲಿಲ್ಲ, ನೀ ಒಗದಿ. ಮೊದಲ ಎತ್ತಿ ಹಿಡೀತಿದ್ದಿ. ಈಗ ಎತ್ತಿ ಒಗ್ಯಾಕತ್ತಿ."

ಹುಡುಗಿಗೆ ಸಿಟ್ಟು ಬಂತು. "ಸಡಲ ಬಿಡಾಕ ನಾ ಎಷ್ಟ ಕಷ್ಟಪಟ್ಟೇನಿ, ಗೊತ್ತೇನ್ರಿ ನಿಮಗ?"

"ಗೊತ್ತಾಗ್ತೈತಿ ಬಿಡು. ನಿನ್ನ ದವಡಿ ನೋಡಿದ್ರ ಗೊತ್ತಾಗ್ತೈತಿ."

ಸ್ನೇಹಲತಾ ಅಳುವ ಹಾಗಾದಳು. ಅತ್ತರೆ ಸೋತಂತೆ ಅಂತ ಅಳಲಿಲ್ಲ.

"ನನಗ ಹಸಿವ್ಯಾಗೇತಿ," ಅಂದರು ಅಕ್ಕೋರು. "ರೊಟ್ಟಿ ಮಾಡು."

"ಈಗೇನ್ರಿ?"

"ಹಸಿವಿ ಈಗ ಆಗೇತಿ."

ಹುಡುಗಿ ಅಡುಗೆಮನೆಗೆ ಹೋದಳು. ಕುದಿಯುವ ನೀರನ್ನು ಜೋಳದ ಹಿಟ್ಟಿಗೆ ಸುರಿದಳು. ನಾದಿದಳು, ಮುದ್ದೆ ಕಟ್ಟಿದಳು, ಬಡಿಯಲು ಕೂತಳು. ಅಕ್ಕೋರು ಪಕ್ಕದಲ್ಲಿ ಮಣೆ ಹಾಕಿಕೊಂಡರು.

"ಅಲ್ಲವಾ, ಆ ಸುಗಂಧಾಬಾಯಿ ಮಗಗ ಮತ್ತೊಂದು ಹೆಣ್ಣು ನೋಡ್ಯಾರಂತಲ್ಲ?"

ಇಷ್ಟು ಕೇಳಿದ್ದೇ ತಡ.

"ನೋಡ್ಯಾರ್ರಿ! ಆ ಹುಡುಗಿ ಅಪ್ಪಗ ಅಕ್ಕಿ ಗಿರಣಿ ಐತಿ. ಇಷ್ಟ ದಿವಸ ಇವ್ರಿಗೆ ಗಿರಣಿ ಕಂಡಿರಲಿಲ್ಲ, ಈಗ ಕಂಡೈತಿ. ನನ್ನ ಕೈಗೆ ರೋಗ ಬಂದಿದ್ದು ಗಿರಣಿ ಕಂಡ ಮ್ಯಾಲೇ ಅಂತ ನಮ್ಮವ್ವ ಅಂತಾಳ. ಆ ಮಗಾ ಅನ್ನೋವಾ? ಅವನ ಸುದ್ದಿ ಏನ ಕೇಳ್ತೀರಿ. ತಾಯಿ ಕೂಡು ಅಂದ್ರ ಕೂತಾ, ಏಳು ಅಂದ್ರ ಎದ್ದಾ. ಉಣ್ಣಾಗ ಅನ್ನಕ್ಕ ಸಾರ ಹಾಕ್ಕೊಳ್ಲೋ ಬ್ಯಾಡೋ ಅಂತನೂ ಅವ್ವನ್ನ ಕೇಳ್ತಾನಂತ!"

ಬಾಯಿ ಹರಿಯುತ್ತಿತ್ತು. ಕೈ ರೊಟ್ಟಿ ಬಡಿಯುತ್ತಿತ್ತು. ರೊಟ್ಟಿ ತಿರುಗುತ್ತ, ಅಗಲವಾಗುತ್ತ, ಅಂಚು ತೆಳ್ಳಗಾಗುತ್ತ ಬಂತು.

ಅಕ್ಕೋರು ಒಂದು ಬೆರಳಿನಿಂದ ಅವಳ ಮೊಣಕೈಯನ್ನು ಮೆಲ್ಲಗೆ ಎತ್ತಿದರು. ತೊಟ್ಟಿಲಿನ ಹಾಗೆ ತೂಗಿತು.

"ಈ ಮೊಣಕೈ ಯಾರದು?"

ಸ್ನೇಹಲತಾ ತಿರುಗಿ ನೋಡಿದಳು. ನೋಡಿದ್ದೇ ಕೈ ಬಿಗಿಯಿತು. ರೊಟ್ಟಿ ನಡುವೆ ಹರಿಯಿತು.

"ಹರೀತ್ರಿ."

"ಹರೀಲಿ. ಈಗ ಏನ ಮಾಡ್ತಿ?"

"ಮುದ್ದಿ ಮಾಡಿ ಮತ್ತ ಬಡೀತೀನಿ."

"ಹೆದರಿಕಿ ಬರಲಿಲ್ಲ?"

"ರೊಟ್ಟಿಗೆ ಯಾಕ್ರೀ ಹೆದರ್ಲಿ?"

ಹುಡುಗಿ ಮತ್ತೆ ಬಡಿದು ಹಂಚಿಗೆ ಹಾಕಿದಳು. ಅದು ಬೆಂದದ್ದೇ ಅಕ್ಕೋರು ಎತ್ತಿ ಶೇಂಗಾ ಚಟ್ನಿ ಹಚ್ಚಿಕೊಂಡು ಉಂಡರು. ಮತ್ತೊಂದು ಕೇಳಿದರು.

ಹುಡುಗಿ ಬಹಳ ಹೊತ್ತು ತನ್ನ ಹಿಟ್ಟಿನ ಕೈ ನೋಡುತ್ತ ಕೂತಳು.

ಆಮೇಲೆ ಅಕ್ಕೋರು ಹಾಡನ್ನೇ ಮುಟ್ಟಗೊಡಲಿಲ್ಲ. ಒಂದು ಪಟ್ಟಿ ತೋರಿಸಿದರು. ಕೈ ಬಿಡು, ಅದರ ಮೇಲೆ ಬೀಳಲಿ, ಬಿದ್ದಲ್ಲಿ ಕೂರಲಿ, ಆಮೇಲೆ ಏಳಲಿ. ಮತ್ತೇನೂ ಬೇಡ. ಮಳೆಗಾಲವೆಲ್ಲ ಇದೇ ಆಯಿತು. ಹೊಳೆಯಲ್ಲಿ ಬಟ್ಟೆ ಒಗೆಯಲು ಹೋದ ಹೆಂಗಸರು, ಆ ಮನೆಯಿಂದ ಒಂದೇ ಸ್ವರ ಕೇಳಿ ಕೇಳಿ, ಮುದುಕಿಗೆ ಅರಳುಮರಳು ಅಂತ ತೀರ್ಪು ಕೊಟ್ಟರು.

"ಅಕ್ಕೋರ, ಸುಗ್ಗಿ ಹತ್ತರ ಬಂತು."

"ಬರ್ಲಿ."

"ಹಾಡು ಮರತ ಹೋಗ್ತೈತ್ರಿ."

"ಹಾಡು ಮರಿಯಂಗಿಲ್ಲ. ಬೆತ್ತ ಮರಿಬೇಕು."

ಒಂದು ದಿನ ಹಾಡು ನುಡಿಸಲು ಬಿಟ್ಟರು. ಹುಡುಗಿ ನಗುನಗುತ್ತ ನುಡಿಸಿದಳು. ಕೈ ಹತ್ತಿಯ ಹಾಗೆ ಆಡಿತು. ಬೆರಳು ಅಲ್ಲೊಂದು ಸ್ವರ ನುಂಗಿತು, ಇಲ್ಲೊಂದು ಉಗುಳಿತು. ತಾಳ ಎಲ್ಲೋ, ಇವಳು ಎಲ್ಲೋ.

ಅಕ್ಕೋರು ಮುಚ್ಚಳ ಹಾಕಿಬಿಟ್ಟರು. ಬೆರಳು ಸಿಕ್ಕಿಕೊಳ್ಳಲಿಲ್ಲ, ಪುಣ್ಯ.

"ಇದೇನು?"

"ಸಡಲ ಬಿಟ್ಟೇನ್ರಿ."

"ನೀರು ಹೆಚ್ಚಾತು. ಇದರಾಗ ರೊಟ್ಟಿ ಆಗಂಗಿಲ್ಲ, ಅಂಬಲಿ ಆಗ್ತೈತಿ."

"ಬಿಗಿ ಮಾಡಿದ್ರ ಬೈತೀರಿ. ಸಡಲ ಬಿಟ್ರೂ ಬೈತೀರಿ. ನಾ ಏನ ಮಾಡ್ಲಿ?"

"ಬೆರಳು ಕೆಲಸ ಮಾಡ್ಲಿ. ಹೆಗಲು ಯಾಕ ಮಾಡ್ಬೇಕು? ಬೆರಳಿನ ಕೆಲಸ ಹೆಗಲಿಗೆ ಹಚ್ಚಿದ್ದಿ. ಈಗ ಯಾರಿಗೂ ಹಚ್ಚದ ಹಂಗ ಕುಂತಿ."

ಸ್ನೇಹಲತಾ ಮುಚ್ಚಳ ತೆಗೆದಳು. ಮೊದಲಿನಿಂದ ಶುರು ಮಾಡಿದಳು.

ಸಂಜೆಗೆ ಕಂದೀಲು ಹಚ್ಚುವವರೆಗೂ ನುಡಿಸಿದಳು. ಮರುದಿನ ಬಂದಳು. ಅದರ ಮರುದಿನವೂ ಬಂದಳು. ಚಳಿ ಬಂತು, ಜೋಳ ತೆನೆ ಹಿಡಿಯಿತು. ಅವಳು ಬರುವುದು ತಪ್ಪಲಿಲ್ಲ.

ಆ ಹಾರುವ ಜಾಗ ಮಾತ್ರ ಅವಳ ಮಾತು ಕೇಳಲಿಲ್ಲ. ಒಮ್ಮೆ ಸರಿ ಬರುತ್ತಿತ್ತು, ಒಮ್ಮೆ ಕೈ ಕೊಡುತ್ತಿತ್ತು.

ಹಬ್ಬದ ಹಿಂದಿನ ದಿನ ಕೇಳಿದಳು: "ನಾಳೆ ಆ ಜಾಗಾದಾಗ ಕೈ ಹಿಡಕೊಂಡ್ರ?"

"ಹಿಡಕೊಂಡ್ರ ಹಿಡಕೊಳ್ಳಿ."

"ಆವಾಗ ನಾ ಏನ ಮಾಡ್ಲಿ ಅಕ್ಕೋರ?"

"ಉಸಿರು ಬಿಡು."

"ಇಷ್ಟ ಏನ್ರಿ?"

"ಹೋದ ವರ್ಷ ಬಿಟ್ಟಿದ್ದೇನು?"

ಹುಡುಗಿ ನೆನಪು ಮಾಡಿಕೊಂಡಳು. ಬಿಟ್ಟಿರಲಿಲ್ಲ.

"ನೀವೂ ಬರ್ರಿ ನಾಳೆ," ಅಂದಳು.

"ನನ್ನನ್ನ ಒಳಗ ಬಿಡಂಗಿಲ್ಲ. ಬಿಟ್ರೂ ನಾ ಬರಂಗಿಲ್ಲ."

"ಹೊರಗರೆ ಕೂಡ್ರಿ."

ಅಕ್ಕೋರು ಯೋಚಿಸಿದರು. "ಕೂಡ್ತೀನಿ. ದಾರ್ಯಾಗಿನ ಹುಣಸಿಮರ ಸಭೆದ್ದಲ್ಲ."

ಸುಗ್ಗಿ ಹಬ್ಬಕ್ಕೆ ಆ ವರ್ಷ ಬಂದಷ್ಟು ಜನ ಯಾವ ವರ್ಷವೂ ಬಂದಿರಲಿಲ್ಲ. ದೇವರ ಮೇಲಿನ ಭಕ್ತಿ ಒಮ್ಮೆಲೇ ಉಕ್ಕಿತು ಅನ್ನಬೇಡಿ. ರೂತಮ್ಮನ ಮಗಳು ಎರಡನೇ ಸಲ ಬೀಳುವುದನ್ನು ನೋಡಲು ಬಂದಿದ್ದರು. ಅವಳು ನುಡಿಸುತ್ತೇನೆ ಅಂದಾಗ ಹಿರಿಯರೂ ಅದಕ್ಕೇ ಬೇಡ ಅನ್ನಲಿಲ್ಲವೇನೋ. ಅಕ್ಕಪಕ್ಕದ ಊರಿನ ಬೀಗರನ್ನೂ ಕರೆಸಿಕೊಂಡಿದ್ದರು.

ಸುಗಂಧಾಬಾಯಿ ಮುಂದಿನ ಬೆಂಚಿನಲ್ಲೇ ಕೂತಳು. ಒಂದು ಪಕ್ಕಕ್ಕೆ ಗಿರಣಿಯವರ ಹುಡುಗಿ, ಇನ್ನೊಂದು ಪಕ್ಕಕ್ಕೆ ಕುಂಬಳಕಾಯಿ. ಎರಡನ್ನೂ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡಿದ್ದಳು.

ಸ್ನೇಹಲತಾ ಬಂದು ಪಿಯಾನೋದ ಮುಂದೆ ಕೂತಳು. ಚಪ್ಪಲಿ ಕಳಚಿ ಬರಿಗಾಲು ನೆಲಕ್ಕಿಟ್ಟಳು. ಹೆಗಲು ಎದ್ದಿತು. ಎದ್ದದ್ದು ಅವಳಿಗೇ ಗೊತ್ತಾಯಿತು. ಇಳಿಯಿತು.

ಶುರು ಮಾಡಿದಳು.

ಜನ ಸಾಲಾಗಿ ಎದ್ದರು. ತೆನೆ ಬಂತು, ಬೆಲ್ಲ ಬಂತು, ಬದನೆಕಾಯಿ ಬುಟ್ಟಿ ಬಂತು. ಕೆಲವರು ವೇದಿಕೆಗೆ ನಡೆಯುತ್ತಲೇ ತಲೆ ತಿರುಗಿಸಿ ಇವಳ ಕೈಯನ್ನೇ ನೋಡಿದರು. ಒಬ್ಬಾತ ಮುಂದಿನವನ ಹಿಮ್ಮಡಿ ತುಳಿದು ಬೈಸಿಕೊಂಡ.

ಆ ಜಾಗ ಬಂತು. ಎರಡು ಕೈಯೂ ಹಾರಿದವು.

ಬಲಗೈ ತಪ್ಪಿತು.

ಅದೇ ಪಟ್ಟಿ, ಅದೇ ಅಪಸ್ವರ. ಹಿಂದಿನ ಬೆಂಚಿನಲ್ಲಿ ಯಾರೋ "ಹೋತು" ಅಂದರು. ಸುಗಂಧಾಬಾಯಿ ಗಿರಣಿಯ ಹುಡುಗಿಯ ಪಕ್ಕೆಗೆ ಮೊಣಕೈಯಿಂದ ತಿವಿದಳು. ರೂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸ್ನೇಹಲತಾಳ ಕೈ ಪಟ್ಟಿಯ ಮೇಲೆ ಕಲ್ಲಾಗತೊಡಗಿತು. ಕಾಲಬೆರಳು ನೆಲ ಹಿಡಿದವು. ಎದೆಯೊಳಗೆ ಉಸಿರು ಗೂಟ ಹೊಡೆದುಕೊಂಡು ನಿಂತಿತು.

ಅವಳು ಅದನ್ನು ಬಿಟ್ಟಳು.

ಹತ್ತಿರ ಕೂತವರಿಗೆ ಆ ಉಸಿರು ಕೇಳಿಸಿತು. ಹೊಲದಿಂದ ಬಂದವಳು ತಲೆಯ ಹೊರೆ ಇಳಿಸಿದಾಗ ಬಿಡುವಂಥ ಉಸಿರು.

ಕೈ ಎದ್ದಿತು. ಮುಂದಿನ ಸ್ವರದ ಮೇಲೆ ಇಳಿಯಿತು. ತಾಳ ಒಂದಿಷ್ಟು ಕುಂಟಿ, ಮತ್ತೆ ನಡೆಯಿತು.

ಎದ್ದು ನಿಂತಿದ್ದ ಸಾಲೂ ನಡೆಯಿತು. ಸುಗಂಧಾಬಾಯಿಯ ಪಾಳಿ ಬಂದಾಗ ಅವಳೂ ಏಳಲೇಬೇಕಾಯಿತು. ಕುಂಬಳಕಾಯಿ ಎತ್ತಿ ಸೊಂಟಕ್ಕಿಟ್ಟುಕೊಂಡು ವೇದಿಕೆಯವರೆಗೆ ಹೋದಳು. ಮುಖ ಗಂಟಿಕ್ಕಿತ್ತು. ಹೆಜ್ಜೆ ಮಾತ್ರ ಸ್ನೇಹಲತಾ ಹಾಕಿದ ತಾಳಕ್ಕೇ ಬೀಳುತ್ತಿತ್ತು. ನೋಡಿದವರು ಈಗಲೂ ಹೇಳಿ ನಗುತ್ತಾರೆ.

ಕಡೆಯ ಕೋಳಿ ಬಂದು ವೇದಿಕೆಯ ಮುಂದೆ ಕೂರುವವರೆಗೂ ಪಿಯಾನೋ ನಿಲ್ಲಲಿಲ್ಲ.

ಆರಾಧನೆ ಮುಗಿದು ಅಂಗಳದಲ್ಲಿ ಕಾಣಿಕೆಗಳನ್ನು ಕೂಗಿ ಮಾರುವ ಸವಾಲು ಶುರುವಾಯಿತು. ಗದ್ದಲದ ನಡುವೆ ಸುಗಂಧಾಬಾಯಿಯ ದನಿ ಎಲ್ಲರಿಗೂ ಕೇಳುವಷ್ಟು ಏರಿತು.

"ಅದ ಜಾಗಾದಾಗ ಮತ್ತ ತಪ್ಪಿದ್ಲು ನೋಡ್ರಿ!"

"ತಪ್ಪಿದ್ಲು ಖರೇ," ಅಂದಳು ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿದ್ದವಳು. "ರೋಗ ಇದ್ದಾಕಿ ಆ ಮ್ಯಾಲ ಅಷ್ಟೊತ್ತು ಹೆಂಗ ನುಡಿಸಿದ್ಲು, ಅದನ್ನ ಹೇಳವಾ."

ಸುಗಂಧಾಬಾಯಿ ಗಿರಣಿಯ ಹುಡುಗಿಯನ್ನು ಕರೆದುಕೊಂಡು ಬೇಗ ಮನೆಗೆ ಹೊರಟಳು.

ಸ್ನೇಹಲತಾ ಮೊದಲಿನ ಮಾತನ್ನಷ್ಟೇ ಕೇಳಿಸಿಕೊಂಡಿದ್ದಳು. ಚಪ್ಪಲಿ ಮರೆತು ಗೇಟು ದಾಟಿ ಓಡಿದಳು.

ಹುಣಸೆಮರದ ಕೆಳಗೆ ಜೆಮೀಮಾಬಾಯಿ ಕಲ್ಲಿನ ಮೇಲೆ ಕೂತಿದ್ದಳು.

"ಅಕ್ಕೋರ, ತಪ್ಪಿತ್ರಿ."

"ಕೇಳಿಸ್ತು."

"ಅದ ಜಾಗಾ, ಅಕ್ಕೋರ. ಮಂದಿ ಎಲ್ಲಾ ಕೇಳ್ಯಾರ."

ಅಕ್ಕೋರು ಸೀರೆಯ ಮೇಲೆ ಬಿದ್ದಿದ್ದ ಎಲೆ ಕೊಡವಿಕೊಂಡು ಎದ್ದರು.

"ಅದರ ಮುಂದಿಂದೂ ಕೇಳ್ಯಾರ."